ಹಾಡನ್ನು ಆರಿಸುವವರು, ಹಾಡನ್ನು ಹಾಡುವವರು
(ರಾಯದುರ್ಗ–ಮಡಕಶಿರಗಳ ಕಡೆಯಿಂದ ಒಂದು ನೋಟ)

ಒಂದು ನಾಡು ತನ್ನ ಪರವಾಗಿ ಹಾಡಬೇಕಾದ ಹಾಡನ್ನು ಹೇಗೆ ಆರಿಸಿಕೊಳ್ಳುತ್ತದೆ? ಮೇಲುನೋಟಕ್ಕೆ ಇದು ಸಂಗೀತದ ಪ್ರಶ್ನೆ. ಆದರೆ ಚರಿತ್ರೆಯನ್ನು ಕೆದಕಿದರೆ ಇದು ಭಾಷೆಯ, ಗಡಿಯ ಮತ್ತು ಅಧಿಕಾರದ ಪ್ರಶ್ನೆಯೂ ಹೌದೆಂಬುದು ಸ್ಪಷ್ಟವಾಗುತ್ತದೆ. ಗಡಿನಾಡಿನ ಕನ್ನಡಿಗರಾದ ನಮಗಂತೂ ಇದು ಬಹಳ ಹತ್ತಿರದ ವಿಷಯ. ರಾಜ್ಯದ ರಾಜಧಾನಿಯಲ್ಲಿ ಕುಳಿತವರು ಹಾಡನ್ನು ಆರಿಸುತ್ತಾರೆ. ಗಡಿಯ ಆಚೆ ಉಳಿದವರು ಅದನ್ನು ಹಾಡಬೇಕೋ ಬೇಡವೋ, ಹಾಡಿದರೆ ಯಾವ ಹಕ್ಕಿನಿಂದ ಹಾಡಬೇಕು ಎಂದು ಯೋಚಿಸುತ್ತಾರೆ.

1956ನೆಯ ಇಸವಿ ಈ ದೃಷ್ಟಿಯಿಂದ ಕುತೂಹಲಕರವಾದದ್ದು. ಆ ವರ್ಷ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೊ ಎಂಬ ಊರಿನಲ್ಲಿ ಯುರೋಪಿನ ಏಳು ದೇಶಗಳು ಒಂದೇ ವೇದಿಕೆಯ ಮೇಲೆ ತಮ್ಮ ತಮ್ಮ ಹಾಡುಗಳನ್ನು ಹಾಡಿಸಿ ಸ್ಪರ್ಧಿಸಿದವು. ಇಂದು ಯೂರೋವಿಷನ್ ಎಂದು ಪ್ರಸಿದ್ಧವಾಗಿರುವ ಗೀತಸ್ಪರ್ಧೆಯ ಆರಂಭ ಅದು. ಅದೇ ವರ್ಷ ನವೆಂಬರ್ 1ರಂದು ನಮ್ಮ ದೇಶದಲ್ಲಿ ಭಾಷಾವಾರು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂತು. ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೂ ಮೂರು ವರ್ಷ ಮೊದಲೇ ರಾಯದುರ್ಗ ಆಂಧ್ರಕ್ಕೆ ಸೇರಿಯಾಗಿತ್ತು. ಅಲ್ಲಿ ದೇಶಗಳು ಹಾಡಿನ ಮೂಲಕ ಒಂದನ್ನೊಂದು ಸಂಧಿಸಲು ಹೊರಟಿದ್ದವು. ಇಲ್ಲಿ ಒಂದೇ ಹಾಡನ್ನು ಹಾಡುತ್ತಿದ್ದ ಜನ ಬೇರೆ ಬೇರೆ ರಾಜ್ಯಗಳಿಗೆ ಹಂಚಿಹೋದರು. ಈ ಎರಡು ಘಟನೆಗಳಿಗೆ ನೇರ ಸಂಬಂಧವೇನೂ ಇಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೆಲವು ಸಂಗತಿಗಳು ತಿಳಿಯಾಗುತ್ತವೆ.

ಯುರೋಪಿನ ಪಾಠ

ಯುದ್ಧದಿಂದ ಜರ್ಜರಿತವಾದ ಯುರೋಪಿನ ಆಕಾಶವಾಣಿ ಮತ್ತು ದೂರದರ್ಶನ ಸಂಸ್ಥೆಗಳು 1950ರಲ್ಲಿ ಒಂದು ಒಕ್ಕೂಟ ಮಾಡಿಕೊಂಡವು. ಆ ಒಕ್ಕೂಟವೇ ಗೀತಸ್ಪರ್ಧೆಯನ್ನು ಏರ್ಪಡಿಸಿತು. ಪ್ರತಿ ದೇಶದ ಹಾಡನ್ನು ಕಳಿಸುವ ಹಕ್ಕು ಆ ದೇಶದ ಪ್ರಸಾರ ಸಂಸ್ಥೆಯದು. ಕೆಲವು ದೇಶಗಳಲ್ಲಿ ಆ ಸಂಸ್ಥೆಯ ಅಧಿಕಾರಿಗಳೇ ಕುಳಿತು ಹಾಡನ್ನು ಗೊತ್ತುಮಾಡುತ್ತಾರೆ. ಇನ್ನು ಕೆಲವೆಡೆ ತಜ್ಞರ ಮಂಡಳಿ ಆರಿಸುತ್ತದೆ. ಮತ್ತೆ ಕೆಲವೆಡೆ ಮೊದಲು ದೇಶದೊಳಗೇ ಸ್ಪರ್ಧೆ ನಡೆದು, ತೀರ್ಪುಗಾರರ ಅಂಕಗಳೂ ಜನರ ಮತಗಳೂ ಕೂಡಿ ತೀರ್ಮಾನವಾಗುತ್ತದೆ. ಹಾಡು ಮೂರು ನಿಮಿಷ ಮೀರಬಾರದು. 1957ರಿಂದ ಬಂದ ಇನ್ನೊಂದು ನಿಯಮವೆಂದರೆ, ಯಾವ ದೇಶವೂ ತನ್ನ ಹಾಡಿಗೆ ತಾನೇ ಮತ ಹಾಕುವಂತಿಲ್ಲ. ನಮ್ಮ ಹಾಡು ಚೆನ್ನಾಗಿದೆಯೆಂದು ನಾವೇ ಹೇಳಿಕೊಂಡರೆ ಸಾಲದು, ನೆರೆಯವರು ಹೇಳಬೇಕು ಎಂಬುದು ಇದರ ತಾತ್ಪರ್ಯ.

ಭಾಷೆಯ ವಿಷಯದಲ್ಲಿ ಮಾತ್ರ ಈ ಸ್ಪರ್ಧೆಗೆ ದೀರ್ಘಕಾಲ ಒಂದು ನಿಲುವು ಸಿಕ್ಕಲಿಲ್ಲ. 1965ರಲ್ಲಿ ಸ್ವೀಡನ್ ಇಂಗ್ಲಿಷಿನಲ್ಲಿ ಹಾಡಿತು. ಅದು ಚರ್ಚೆಗೆ ಗುರಿಯಾಗಿ, ಮರುವರ್ಷದಿಂದ ಆಯಾ ದೇಶದ ಭಾಷೆಯಲ್ಲೇ ಹಾಡಬೇಕೆಂಬ ನಿಯಮ ಬಂತು. 1973ರಲ್ಲಿ ಅದನ್ನು ಸಡಿಲಿಸಿದರು. 1974ರಲ್ಲಿ ಸ್ವೀಡನ್ನಿನ ಅಬ್ಬಾ ತಂಡ ಇಂಗ್ಲಿಷ್ ಹಾಡಿನಿಂದಲೇ ಗೆದ್ದು ಜಗತ್ಪ್ರಸಿದ್ಧವಾಯಿತು. 1977ರಲ್ಲಿ ನಿಯಮ ಮತ್ತೆ ಬಂತು. 1999ರಲ್ಲಿ ಮತ್ತೆ ಹೋಯಿತು. ಅಂದಿನಿಂದ ಅನೇಕ ದೇಶಗಳು ತಮ್ಮ ನುಡಿಯನ್ನು ಮನೆಯಲ್ಲಿಟ್ಟು ಇಂಗ್ಲಿಷಿನಲ್ಲಿ ಹಾಡುತ್ತಿವೆ. ಹೆಚ್ಚು ಜನಕ್ಕೆ ತಿಳಿಯಬೇಕೆಂಬ ಆಸೆ ಮತ್ತು ತನ್ನದಾಗಿರಬೇಕೆಂಬ ಆಸೆ, ಈ ಎರಡರ ನಡುವಿನ ಜಗ್ಗಾಟ ಅದು. ಮಕ್ಕಳನ್ನು ಯಾವ ಮಾಧ್ಯಮದ ಶಾಲೆಗೆ ಸೇರಿಸಬೇಕೆಂದು ಯೋಚಿಸುವ ಗಡಿನಾಡಿನ ಪ್ರತಿ ಮನೆಗೂ ಈ ಜಗ್ಗಾಟ ಚೆನ್ನಾಗಿ ಗೊತ್ತು.

ನಮಗೆ ಹೆಚ್ಚು ಮುಖ್ಯವಾದದ್ದು, ದೊಡ್ಡ ಭಾಷೆಗಳ ನೆರಳಿನಲ್ಲಿರುವ ಸಣ್ಣ ಭಾಷೆಗಳಿಗೆ ಈ ವೇದಿಕೆಯಲ್ಲಿ ಏನಾಯಿತೆಂಬುದು. ಬೆಲ್ಜಿಯಂ ದೇಶದಲ್ಲಿ ಡಚ್ ಮಾತಾಡುವವರ ಪ್ರಸಾರ ಸಂಸ್ಥೆ ಬೇರೆ, ಫ್ರೆಂಚ್ ಮಾತಾಡುವವರದು ಬೇರೆ. ಆ ಎರಡು ಸಂಸ್ಥೆಗಳು ಸರದಿಯ ಮೇಲೆ ಹಾಡನ್ನು ಕಳಿಸುತ್ತ ಬಂದಿವೆ. ಐರ್ಲೆಂಡ್ ಏಳು ಬಾರಿ ಗೆದ್ದ ದೇಶ. ಆದರೆ ತನ್ನ ಮೂಲ ನುಡಿಯಾದ ಐರಿಷ್‌ನಲ್ಲಿ ಅದು ಹಾಡಿದ್ದು ಒಂದೇ ಒಂದು ಸಲ, 1972ರಲ್ಲಿ. ನಾರ್ವೆ ದೇಶದ ಉತ್ತರದಲ್ಲಿ ಸಾಮಿ ಎಂಬ ಜನರಿದ್ದಾರೆ. ಅವರ ನೆಲದ ಆಲ್ಟಾ ನದಿಗೆ ಅಣೆಕಟ್ಟು ಕಟ್ಟುವುದನ್ನು ವಿರೋಧಿಸಿ 1979ರಲ್ಲಿ ಸಾಮಿ ಯುವಕರು ಓಸ್ಲೊ ನಗರದಲ್ಲಿ ಉಪವಾಸ ಕುಳಿತರು. ಮರುವರ್ಷ ನಾರ್ವೆ ಆರಿಸಿ ಕಳಿಸಿದ ಹಾಡು ಆ ಹೋರಾಟವನ್ನೇ ಕುರಿತದ್ದಾಗಿತ್ತು. ಅದರೊಳಗೆ ಸಾಮಿಗಳ ಸಾಂಪ್ರದಾಯಿಕ ಗಾಯನವೂ ಇತ್ತು. ಸ್ಪರ್ಧೆಯಲ್ಲಿ ಅದಕ್ಕೆ ಬಂದದ್ದು ಹದಿನಾರನೆಯ ಸ್ಥಾನ. ಆದರೂ ಅಂದಿನವರೆಗೆ ಗುಡ್ಡಗಾಡಿನ ಸದ್ದೆಂದು ಕಡೆಗಣಿತವಾಗಿದ್ದ ಗಾಯನವನ್ನು ಇಡೀ ದೇಶ ತನ್ನದೆಂದು ಕಳಿಸಿತೆಂಬುದು ಸಣ್ಣ ಮಾತಲ್ಲ. 2016ರಲ್ಲಿ ಉಕ್ರೇನಿನ ಗಾಯಕಿ ಜಮಾಲಾ ಹಾಡಿ ಗೆದ್ದ ಹಾಡಿನಲ್ಲಿ ಕ್ರಿಮಿಯಾದ ತಾತಾರರ ನುಡಿಯಿತ್ತು. 1944ರಲ್ಲಿ ಆ ಜನರನ್ನು ಅವರ ನೆಲದಿಂದ ಹೊರದೂಡಿದ ಕಥೆ ಅದು.

ಸೋತ ಹಾಡೂ ಚರಿತ್ರೆ ಮಾಡಬಹುದೆಂಬುದಕ್ಕೆ ಪೋರ್ಚುಗಲ್ ಸಾಕ್ಷಿ. 1974ರಲ್ಲಿ ಆ ದೇಶ ಕಳಿಸಿದ ಹಾಡು ಸ್ಪರ್ಧೆಯ ಕೊನೆಯ ಸಾಲಿನಲ್ಲಿ ನಿಂತಿತು. ಆದರೆ ಅದೇ ಏಪ್ರಿಲ್ 24ರ ರಾತ್ರಿ ಆ ಹಾಡು ರೇಡಿಯೋದಲ್ಲಿ ಬಂದದ್ದು, ಸರ್ವಾಧಿಕಾರದ ವಿರುದ್ಧ ಸಿದ್ಧರಾಗಿದ್ದ ಸೈನಿಕರಿಗೆ ಹೊರಡಲು ಸಂಕೇತವಾಯಿತು. ಮರುದಿನ ಆಡಳಿತ ಕುಸಿಯಿತು. ಹಾಡಿನ ಬೆಲೆಯನ್ನು ಅಂಕಗಳಲ್ಲಿ ಅಳೆಯಲಾಗದು.

ಭಾರತ ಹಾಡನ್ನು ಕಳಿಸಿದ ಬಗೆ

ಭಾರತ ಯುರೋಪಿನ ಆ ಸ್ಪರ್ಧೆಯಲ್ಲಿ ಭಾಗವಹಿಸುವ ಪ್ರಶ್ನೆಯಿಲ್ಲ. ಆದರೆ ಹಲವು ರಾಷ್ಟ್ರಗಳ ಮುಂದೆ ತನ್ನದೆಂದು ಒಂದು ಹಾಡನ್ನು ಇಡಬೇಕಾದ ಪ್ರಸಂಗ ಸ್ವಾತಂತ್ರ್ಯ ಬಂದ ವರ್ಷವೇ ಎದುರಾಯಿತು. 1947ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸೇರಿದ್ದಾಗ, ವಾದ್ಯವೃಂದದಲ್ಲಿ ನುಡಿಸಲು ನಿಮ್ಮ ರಾಷ್ಟ್ರಗೀತೆಯನ್ನು ಕೊಡಿ ಎಂದು ನಮ್ಮ ನಿಯೋಗವನ್ನು ಕೇಳಿದರು. ಆಗ ನಮಗೆ ಅಧಿಕೃತವಾದ ರಾಷ್ಟ್ರಗೀತೆಯೇ ಇರಲಿಲ್ಲ. ನಿಯೋಗದವರ ಬಳಿ 'ಜನಗಣಮನ'ದ ಧ್ವನಿಮುದ್ರಿಕೆಯೊಂದಿತ್ತು. ಅದನ್ನೇ ಕೊಟ್ಟರು. ವಾದ್ಯವೃಂದದವರು ಅಭ್ಯಾಸ ಮಾಡಿ ನುಡಿಸಿದರು. ಹಲವು ದೇಶಗಳ ಪ್ರತಿನಿಧಿಗಳು ಮೆಚ್ಚಿ ಅದರ ಸ್ವರಲಿಪಿಯನ್ನು ಕೇಳಿದರು.

ಈ ಸಂಗತಿಯನ್ನು ಪ್ರಧಾನಿ ನೆಹರೂ 1948ರ ಆಗಸ್ಟ್ 25ರಂದು ಸಂವಿಧಾನ ಸಭೆಯಲ್ಲಿ ತಿಳಿಸಿದರು. ಪ್ರಾಂತ್ಯಗಳ ಗವರ್ನರುಗಳ ಅಭಿಪ್ರಾಯವನ್ನು ಕೇಳಿದಾಗ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಒಪ್ಪಿದರೆಂದೂ ಹೇಳಿದರು. ಅವರ ವಾದದ ತಿರುಳು ಇಷ್ಟು: ರಾಷ್ಟ್ರಗೀತೆಗೆ ಪದಗಳಿಗಿಂತ ಧಾಟಿಯೇ ಮುಖ್ಯ, ಏಕೆಂದರೆ ಪರದೇಶಗಳಲ್ಲಿ ಅದನ್ನು ಹಾಡುವುದಕ್ಕಿಂತ ನುಡಿಸುವುದೇ ಹೆಚ್ಚು. 'ವಂದೇ ಮಾತರಂ' ಸ್ವಾತಂತ್ರ್ಯ ಹೋರಾಟದ ಉಸಿರಾಗಿತ್ತು. ಅದನ್ನು ವಾದ್ಯವೃಂದಕ್ಕೆ ಒಗ್ಗಿಸಲು ಮರಾಠಿಯ ಪ್ರಸಿದ್ಧ ಗಾಯಕ ಮಾಸ್ತರ್ ಕೃಷ್ಣರಾವ್ ಬಹಳ ಶ್ರಮಪಟ್ಟಿದ್ದರು. ಆದರೂ ಕೊನೆಗೆ 1950ರ ಜನವರಿ 24ರಂದು ಡಾ. ರಾಜೇಂದ್ರ ಪ್ರಸಾದರು 'ಜನಗಣಮನ' ರಾಷ್ಟ್ರಗೀತೆಯೆಂದೂ, 'ವಂದೇ ಮಾತರಂ'ಗೆ ಅದರೊಂದಿಗೆ ಸಮಾನ ಗೌರವವಿರತಕ್ಕದ್ದೆಂದೂ ಸಭೆಗೆ ಸಾರಿದರು. ಮತಕ್ಕೆ ಹಾಕಲಿಲ್ಲ. ಒಂದು ಧ್ವನಿಮುದ್ರಿಕೆ, ಒಂದು ವಾದ್ಯವೃಂದ ಮತ್ತು ಪರಕೀಯರ ಮೆಚ್ಚುಗೆ, ಇಷ್ಟು ಸೇರಿ ಮೂರು ವರ್ಷ ಮೊದಲೇ ದಾರಿ ಮಾಡಿಕೊಟ್ಟಿದ್ದವು.

ಈ ಕಥೆಗೆ ನಮ್ಮ ಸೀಮೆಯೊಂದಿಗೆ ಒಂದು ನಂಟಿದೆ. 1911ರ ಡಿಸೆಂಬರ್ 27ರಂದು ಕಲಕತ್ತಾ ಕಾಂಗ್ರೆಸ್ಸಿನಲ್ಲಿ ಮೊದಲು ಹಾಡಲಾದ ಈ ಗೀತೆಗೆ ಇಂಗ್ಲಿಷ್ ರೂಪವೂ ಪಾಶ್ಚಾತ್ಯ ಸ್ವರಲಿಪಿಯೂ ದೊರೆತದ್ದು ರಾಯಲಸೀಮೆಯ ಮದನಪಲ್ಲಿಯಲ್ಲಿ. ಅಲ್ಲಿನ ಥಿಯಾಸಾಫಿಕಲ್ ಕಾಲೇಜಿನ ಪ್ರಾಂಶುಪಾಲರು ಐರಿಷ್ ಕವಿ ಜೇಮ್ಸ್ ಕಸಿನ್ಸ್. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಅವರ ಅತಿಥಿಯಾಗಿ ಬಂದು ಕೆಲವು ದಿನ ತಂಗಿದರು. ಸಂಜೆಯ ಹಾಡುಗಾರಿಕೆಯಲ್ಲಿ ಈ ಗೀತೆಯನ್ನು ಹಾಡಿದರು. ವಿದ್ಯಾರ್ಥಿಗಳು ಪಲ್ಲವಿಗೆ ದನಿಗೂಡಿಸಿದರು. ಅಲ್ಲೇ ಕುಳಿತು ಠಾಕೂರರು ಅದನ್ನು 'ಭಾರತದ ಪ್ರಭಾತಗೀತೆ' ಎಂಬ ಅರ್ಥದ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಕಸಿನ್ಸರ ಪತ್ನಿ, ಸಂಗೀತಜ್ಞೆ ಮಾರ್ಗರೆಟ್ ಕಸಿನ್ಸ್ ಸ್ವರಲಿಪಿ ಬರೆದರು. ಮದನಪಲ್ಲಿಯಿಂದ ಪಶ್ಚಿಮಕ್ಕೆ ಹೊರಟರೆ ಹಿಂದೂಪುರ ದಾಟಿ ಮಡಕಶಿರ. ಹೀಗೆ ರಾಷ್ಟ್ರಗೀತೆ ತನ್ನ ಪರದೇಶದ ಪಯಣಕ್ಕೆ ಅಣಿಯಾದದ್ದು ಬಂಗಾಳಿ, ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲವೂ ಬೆರೆತ ನಮ್ಮ ಬಯಲುಸೀಮೆಯ ನೆರೆಯಲ್ಲಿ.

ಇದೇ ಕಸಿನ್ಸರು ಕನ್ನಡಕ್ಕೆ ಮಾಡಿದ ಉಪಕಾರವನ್ನು ಕನ್ನಡಿಗರೆಲ್ಲ ಬಲ್ಲರು. 1924ರಲ್ಲಿ ಅವರು ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪ ತಮ್ಮ ರಚನೆಗಳನ್ನು ಅವರಿಗೆ ತೋರಿಸಿದರು. ಕನ್ನಡದಲ್ಲಿ ಏನಾದರೂ ಬರೆದಿದ್ದೀರಾ ಎಂದು ಕಸಿನ್ಸ್ ಕೇಳಿದರು. ಮಾತೃಭಾಷೆಯಲ್ಲಿ ಬರೆಯಿರಿ ಎಂದರು. ಆ ಮಾತು ಆ ತರುಣನಲ್ಲಿ ನೆಟ್ಟಿತು. ಆತನೇ ಕುವೆಂಪು ಆಗಿ, ಮುಂದೆ ಕರ್ನಾಟಕದ ನಾಡಗೀತೆಯಾದ 'ಜಯ ಭಾರತ ಜನನಿಯ ತನುಜಾತೆ'ಯನ್ನು ಬರೆದರು. ಇಂಗ್ಲಿಷಿನ ಕೆಳಗೆ ತನ್ನ ನುಡಿ ನಲುಗಿದ ನಾಡಿನಿಂದ ಬಂದವರಿಗೆ ಮಾತೃಭಾಷೆಯ ಬೆಲೆ ಹೇಳಿಕೊಡಬೇಕಾಗಿರಲಿಲ್ಲ. ಕಸಿನ್ಸ್ ತರುವಾಯ ತಿರುವಾಂಕೂರಿನ ಮಹಾರಾಜರಿಗೆ ಕಲಾ ಸಲಹೆಗಾರರಾಗಿದ್ದರು. ತಿರುವನಂತಪುರದ ಶ್ರೀ ಚಿತ್ರಾ ಕಲಾಶಾಲೆಯ ಹೆಸರಿನೊಂದಿಗೆ ಮಲಯಾಳದ ಓದುಗರು ಅವರನ್ನು ನೆನೆಯುತ್ತಾರೆ. ಕೊನೆಗೆ ಮದನಪಲ್ಲಿಗೆ ಮರಳಿ 1956ರಲ್ಲಿ ಅಲ್ಲೇ ತೀರಿಕೊಂಡರು. ರಾಷ್ಟ್ರಗೀತೆಯ ಇಂಗ್ಲಿಷ್ ರೂಪಕ್ಕೂ ನಾಡಗೀತೆಯ ಕವಿಗೂ ಮಲಯಾಳ ನಾಡಿನ ಚಿತ್ರಶಾಲೆಗೂ ಒಬ್ಬನೇ ಮನುಷ್ಯ ಕೊಂಡಿಯಾಗಿದ್ದುದು ನಮ್ಮಂಥ ಎರಡು ನುಡಿಗಳ ಸಂಚಿಕೆಯಲ್ಲಿ ಸ್ಮರಿಸತಕ್ಕ ಸಂಗತಿ.

ಎರಡು ತಾಲೂಕುಗಳ ಕಥೆ

ಇನ್ನು ರಾಯದುರ್ಗ ಮತ್ತು ಮಡಕಶಿರಗಳ ಕಡೆಗೆ ಬರೋಣ. ಕಾಸರಗೋಡಿನ ಓದುಗರಿಗೆ ಆ ಸೀಮೆಯ ಪರಿಚಯ ಕಡಿಮೆಯಿರಬಹುದು. ನಮ್ಮದು ಮಳೆಯ ನಾಡು, ಅವರದು ಮಳೆಗಾಗಿ ಆಕಾಶ ನೋಡುವ ನಾಡು. ನಮಗೆ ಅಡಿಕೆ ತೆಂಗು, ಅವರಿಗೆ ಕಡಲೆಕಾಯಿ ರಾಗಿ. ಆದರೆ ಪಾಡು ಒಂದೇ.

ರಾಯದುರ್ಗ ಹಳೆಯ ಬಳ್ಳಾರಿ ಜಿಲ್ಲೆಯ ತಾಲೂಕು. ಪೊಟ್ಟಿ ಶ್ರೀರಾಮುಲು ಅವರು ಆಂಧ್ರ ರಾಜ್ಯಕ್ಕಾಗಿ ಉಪವಾಸ ಮಾಡಿ 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟ ಮೇಲೆ, ನ್ಯಾಯಮೂರ್ತಿ ವಾಂಛೂ ಅವರ ವರದಿ ಬಂತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು; ಉಳಿದ ಭಾಗ ಮೈಸೂರಿಗೆ ಬಂತು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಿದರು. 1955ರಲ್ಲಿ ಫಜಲ್ ಅಲಿ ಆಯೋಗವು ತುಂಗಭದ್ರಾ ಯೋಜನೆಯ ಕಾರಣ ಹೇಳಿ ಬಳ್ಳಾರಿಯನ್ನೂ ಆಂಧ್ರಕ್ಕೆ ಕೊಡಬೇಕೆಂದು ಸೂಚಿಸಿತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ, ಬಳ್ಳಾರಿ ಉಳಿಯಿತು. ಅದೇ ಆಯೋಗ ಕಾಸರಗೋಡನ್ನು ಕೇರಳಕ್ಕೆ ಸೂಚಿಸಿದ್ದು ಮಾತ್ರ ಜಾರಿಯಾಯಿತು.

ಮಡಕಶಿರದ ಸಂಗತಿ ಬೇರೆ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ಅನಂತಪುರ ಜಿಲ್ಲೆಯನ್ನು ರಚಿಸಿದಾಗಿನಿಂದ ಅದು ಆ ಜಿಲ್ಲೆಯ ಭಾಗ. ಭೂಪಟವನ್ನು ನೋಡಿದರೆ ಆ ತಾಲೂಕು ಕರ್ನಾಟಕದೊಳಕ್ಕೆ ಚಾಚಿದ ಕೈಯಂತೆ ಕಾಣುತ್ತದೆ. ಅದರ ಪಕ್ಕದಲ್ಲೇ ಪಾವಗಡ ಆಂಧ್ರದೊಳಕ್ಕೆ ಚಾಚಿಕೊಂಡಿದೆ. ಅಮರಾಪುರದ ಬಳಿಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂದು ಹೆಸರಾಗಿ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಶಿಲಾಶಾಸನಗಳು ಕನ್ನಡದವು. ನೊಳಂಬರ ಕೆತ್ತನೆಯ ಕಂಬಗಳನ್ನು ಇಂದು ತಮಿಳುನಾಡಿನ ತಿರುವೈಯಾರಿನ ದೇವಾಲಯದಲ್ಲೂ ನೋಡಬಹುದು. 2022ರ ಏಪ್ರಿಲ್‌ನಲ್ಲಿ ಆಂಧ್ರ ಸರ್ಕಾರ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಮಡಕಶಿರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಒಂದೇ ಜಿಲ್ಲೆಯಲ್ಲಿದ್ದ ಎರಡು ಕನ್ನಡ ಸೀಮೆಗಳ ನಡುವೆ ಹೀಗೆ ಇನ್ನೊಂದು ಗೆರೆ ಬಿತ್ತು. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಗಳ ಮೂಲಕ ತುಮಕೂರಿಗೆ ರೂಪಿಸಿದ ರೈಲುಮಾರ್ಗವಾದರೋ ರಾಜ್ಯದ ಗಡಿಯನ್ನು ಮತ್ತೆ ಮತ್ತೆ ದಾಟಿಯೇ ಹೋಗಬೇಕು. ಜನರ ಓಡಾಟದ ದಾರಿ ಗಡಿಯನ್ನು ಕೇಳಿ ಹುಟ್ಟಿದ್ದಲ್ಲ.

ನಾಡಗೀತೆ ಮತ್ತು ಗಡಿ

ಬೆಳಗಾವಿಯಲ್ಲಿ 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಹುಯಿಲಗೋಳ ನಾರಾಯಣರಾಯರು ಬರೆದ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಗೀತೆಯನ್ನು ಹಾಡಿದರು. ಅದು ಹಾರೈಕೆಯ ಹಾಡು. ಮೂವತ್ತೆರಡು ವರ್ಷಗಳ ಮೇಲೆ, 1956ರಲ್ಲಿ, ಆ ಹಾರೈಕೆ ಫಲಿಸಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬಂತು. ಒಳಗಿದ್ದವರಿಗೆ ಅದು ನೆರವೇರಿದ ಹಾರೈಕೆಯ ನೆನಪಾಯಿತು. ರಾಯದುರ್ಗ, ಮಡಕಶಿರ, ಕಾಸರಗೋಡುಗಳಲ್ಲಿ ಹಾಡಿದವರಿಗೆ ಅದು ಹಾರೈಕೆಯಾಗಿಯೇ ಉಳಿಯಿತು. ಒಂದೇ ಕ್ರಿಯಾಪದ ಗಡಿಯ ಎರಡು ಬದಿಗಳಲ್ಲಿ ಎರಡು ಅರ್ಥ ಕೊಟ್ಟಿತು.

ಆಂಧ್ರದ ಹಾಡಿನ ಕಥೆಯೂ ಸ್ವಾರಸ್ಯವಾದದ್ದು. ಶಂಕರಂಬಾಡಿ ಸುಂದರಾಚಾರಿ ಅವರು 'ಮಾ ತೆಲುಗು ತಲ್ಲಿಕಿ' ಗೀತೆಯನ್ನು 1942ರ 'ದೀನಬಂಧು' ಎಂಬ ಚಲನಚಿತ್ರಕ್ಕಾಗಿ ಬರೆದಿದ್ದರು. ಚಿತ್ರದಲ್ಲಿ ಅದಕ್ಕೆ ಜಾಗ ಸಿಕ್ಕಲಿಲ್ಲ. ಟಂಗುಟೂರಿ ಸೂರ್ಯಕುಮಾರಿ ಅವರ ಕಂಠದಲ್ಲಿ ಧ್ವನಿಮುದ್ರಿಕೆಯಾಗಿ ಮನೆಮನೆಗೆ ಹೋಯಿತು, ಕೊನೆಗೆ ರಾಜ್ಯಗೀತೆಯಾಯಿತು. ಚಿತ್ರದವರು ಬಿಟ್ಟದ್ದನ್ನು ಜನ ಎತ್ತಿಕೊಂಡರು. 2014ರಲ್ಲಿ ತೆಲಂಗಾಣ ಬೇರೆಯಾದಾಗ ಆ ಹಾಡೂ ಪಾಲಿಗೆ ಬಂತು. ತೆಲಂಗಾಣ 2024ರ ಜೂನ್‌ನಲ್ಲಿ ಅಂದೆಶ್ರೀ ಅವರ 'ಜಯ ಜಯಹೇ ತೆಲಂಗಾಣ'ವನ್ನು ತನ್ನ ಗೀತೆ ಮಾಡಿಕೊಂಡಿತು. ಭಾಷೆ ಒಂದೇ ಆದರೂ ಹಾಡು ಎರಡಾಯಿತು.

ತಮಿಳುನಾಡಿನಲ್ಲಿ ಮನೋನ್ಮಣೀಯಂ ಸುಂದರಂ ಪಿಳ್ಳೆಯವರ 1891ರ ನಾಟಕದ ಸ್ತುತಿಪದ್ಯವನ್ನು 1970ರಲ್ಲಿ ಸರ್ಕಾರಿ ಸಮಾರಂಭಗಳಿಗೆ ಆರಿಸಿದರು. ಕನ್ನಡ, ತೆಲುಗು, ಮಲಯಾಳ, ತುಳುಗಳೆಲ್ಲ ತಮಿಳಿನಿಂದ ಹುಟ್ಟಿದವೆಂಬ ಅರ್ಥದ ಭಾಗವನ್ನು ಕೈಬಿಟ್ಟೇ ಆರಿಸಿದರೆಂಬುದು ಗಮನಾರ್ಹ. ನೆರೆಯವರ ಮನಸ್ಸನ್ನು ನೋಯಿಸಬಾರದೆಂಬ ಎಚ್ಚರ ಹಾಡನ್ನು ಆರಿಸುವವರಿಗೆ ಇರಬೇಕಾದದ್ದೇ. ಆಲಪ್ಪುಳದಲ್ಲಿ ಹುಟ್ಟಿ ತಿರುವನಂತಪುರದಲ್ಲಿ ಪಾಠ ಹೇಳಿದವರ ಪದ್ಯ 2021ರಲ್ಲಿ ತಮಿಳುನಾಡಿನ ರಾಜ್ಯಗೀತೆಯೆಂದು ಘೋಷಿತವಾಯಿತು. ಕೇರಳದಲ್ಲಿ ಬೋಧೇಶ್ವರನ್ ಅವರ 'ಜಯ ಜಯ ಕೋಮಳ ಕೇರಳ ಧರಣಿ'ಗೆ 2014ರಲ್ಲಿ ಸಾಂಸ್ಕೃತಿಕ ಗೀತೆಯ ಸ್ಥಾನ ದೊರೆಯಿತು. ಹೊಸದೊಂದು ಕೇರಳಗಾನ ಬೇಕೆಂಬ ಪ್ರಯತ್ನ 2024ರಲ್ಲಿ ಶ್ರೀಕುಮಾರನ್ ತಂಪಿಯವರಂಥ ಹಿರಿಯ ಗೀತಕಾರರ ರಚನೆ ಸ್ವೀಕೃತವಾಗದೆ ಬಹಿರಂಗ ಚರ್ಚೆಯಾಗಿ ಮುಗಿಯಿತು. ಹಾಡನ್ನು ಹೇಳಿ ಬರೆಸುವುದು ಸುಲಭ. ಹೇಳಿ ಒಪ್ಪಿಸುವುದು ಕಷ್ಟ.

ಕರ್ನಾಟಕ ಬರೆಸಲಿಲ್ಲ, ಇದ್ದದ್ದನ್ನು ಆರಿಸಿತು. 2004ರ ಜನವರಿ 6ರಂದು ಕುವೆಂಪು ಅವರ ಗೀತೆ ಅಧಿಕೃತ ನಾಡಗೀತೆಯಾಯಿತು. ಆರಿಸಿದ ಕೂಡಲೇ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂಬ ಚರ್ಚೆ ಎದ್ದಿತು. ಮಧ್ವಾಚಾರ್ಯರ ಹೆಸರಿನ ಕುರಿತು ವಾದ ನಡೆಯಿತು. ಆಮೇಲೆ ಉದ್ದದ ಪ್ರಶ್ನೆ: ಪೂರ್ತಿ ಹಾಡಿದರೆ ಬಹಳ ಹೊತ್ತಾಗುತ್ತದೆ, ಮೊಟಕುಗೊಳಿಸಬೇಕೇ? ಆಮೇಲೆ ಧಾಟಿಯ ಪ್ರಶ್ನೆ: ಮೈಸೂರು ಅನಂತಸ್ವಾಮಿಯವರದೋ, ಸಿ. ಅಶ್ವತ್ಥರದೋ? ಸಮಿತಿಯ ಮೇಲೆ ಸಮಿತಿ ಕುಳಿತವು. ಕೊನೆಗೆ ಹಿರಿಯ ಗಾಯಕಿ ಎಚ್. ಆರ್. ಲೀಲಾವತಿ ಅವರ ಸಮಿತಿಯ ಶಿಫಾರಸಿನ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತೀರ್ಮಾನಿಸಿತು: ಅನಂತಸ್ವಾಮಿಯವರ ಧಾಟಿ, ಪೂರ್ಣಪಾಠ, ಎರಡು ನಿಮಿಷ ಮೂವತ್ತು ಸೆಕೆಂಡುಗಳ ಅವಧಿ. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿ 2024ರಲ್ಲಿ ವಜಾ ಆಯಿತು. ಪದ ಗೊತ್ತಾದ ಮೇಲೆ ಧಾಟಿ ಗೊತ್ತಾಗಲು ಹದಿನೆಂಟು ವರ್ಷ ಬೇಕಾಯಿತು. ಯುರೋಪಿನವರ ಮೂರು ನಿಮಿಷದ ನಿಯಮವನ್ನು ನೋಡಿ ನಗುವವರು ನಮ್ಮ ಎರಡೂವರೆ ನಿಮಿಷದ ಕಥೆಯನ್ನೂ ನೆನೆಯಬೇಕು.

ಹಾಡಿನೊಳಗೆ ಇಲ್ಲದವರು

ಈಗ ರಾಯದುರ್ಗದ ಒಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಬಳ್ಳಾರಿಯಲ್ಲಿ ನೆಂಟರು, ಅನಂತಪುರದಲ್ಲಿ ಕಚೇರಿ. ಆ ಮನೆಯ ಮಗುವಿಗೆ ಎರಡೂ ರಾಜ್ಯಗೀತೆಗಳು ಕಿವಿಗೆ ಬೀಳುತ್ತವೆ. ಎರಡರಲ್ಲೂ ಅದರ ಊರು ಎಲ್ಲಿದೆ?

ಕರ್ನಾಟಕದ ಗೀತೆಯಲ್ಲಿ ಕೃಷ್ಣೆ, ಶರಾವತಿ, ತುಂಗೆ, ಕಾವೇರಿಯರಿದ್ದಾರೆ. ಆಂಧ್ರದ ಗೀತೆಯಲ್ಲಿ ಗೋದಾವರಿ, ಕೃಷ್ಣೆಯರಿದ್ದಾರೆ. ರಾಯದುರ್ಗದ ಸೀಮೆಗೆ ನೀರು ಕೊಡುವ ವೇದಾವತಿ, ಅಂದರೆ ಹಗರಿ, ಎರಡರಲ್ಲೂ ಇಲ್ಲ. ಕರ್ನಾಟಕದ ನಂದಿಯಲ್ಲಿ ಹುಟ್ಟಿ ಆಂಧ್ರದಲ್ಲಿ ಹರಿದು ಸಮುದ್ರ ಸೇರುವ ಪೆನ್ನೆಯೂ ಇಲ್ಲ. ವಿಜಯನಗರದ ವಿದ್ಯಾರಣ್ಯರು ಕನ್ನಡ ಗೀತೆಯಲ್ಲಿ, ಅದೇ ವಿಜಯನಗರದ ಕೃಷ್ಣದೇವರಾಯ ಮತ್ತು ತಿಮ್ಮರಸು ತೆಲುಗು ಗೀತೆಯಲ್ಲಿ. ಗುರು ಒಂದು ರಾಜ್ಯಕ್ಕೆ, ಅರಸ ಇನ್ನೊಂದು ರಾಜ್ಯಕ್ಕೆ ಹಂಚಿಹೋದರು. ಹಂಪೆಗೂ ಪೆನುಕೊಂಡೆಗೂ ನಡುವೆ ಇರುವ ರಾಯದುರ್ಗದ ಕೋಟೆ ಮಾತ್ರ ಇಬ್ಬರನ್ನೂ ಬಲ್ಲದು. ಎರಡೂ ಕವಿಗಳ ಮೇಲೆ ಇದು ದೂರಲ್ಲ. ಒಂದು ಹಾಡಿನಲ್ಲಿ ಎಲ್ಲ ಹಳ್ಳವನ್ನೂ ಹೆಸರಿಸಲಾಗದು. ರಾಷ್ಟ್ರಗೀತೆಯಲ್ಲೂ ದಕ್ಷಿಣದ ಭಾಷೆಗಳೆಲ್ಲ ದ್ರಾವಿಡವೆಂಬ ಒಂದೇ ಹೆಸರಿನೊಳಗೆ ಕುಳಿತಿವೆ. ಆದರೆ ಹೆಸರಿಲ್ಲದವರೂ ಆ ಹಾಡನ್ನು ಎದ್ದುನಿಂತು ಹಾಡುತ್ತಾರೆಂಬುದನ್ನು ಆರಿಸುವವರು ಮರೆಯಬಾರದು.

ನಾಡಗೀತೆಯ ಪದ, ಧಾಟಿ, ಅವಧಿಗಳನ್ನು ಕುರಿತ ಅಷ್ಟೂ ಚರ್ಚೆ ಬೆಂಗಳೂರಿನಲ್ಲಿ ನಡೆಯಿತು. ಗಡಿಯಾಚೆಯ ಕನ್ನಡಿಗನಿಗೆ ಅಲ್ಲಿ ಮತವಿಲ್ಲ, ಅವನು ಆ ರಾಜ್ಯದ ಮತದಾರನಲ್ಲವಲ್ಲ. ಅತ್ತ ಅಮರಾವತಿಯಲ್ಲಿ ಅವನಿಗೆ ಮತವಿದೆ, ಆದರೆ ಆ ಹಾಡು ಅವನ ಮನೆಮಾತಿನದಲ್ಲ. ಯೂರೋವಿಷನ್ನಿನಲ್ಲಿ ತನ್ನ ಹಾಡಿಗೆ ತಾನು ಮತ ಹಾಕಬಾರದೆಂಬುದು ಒಂದು ಸಂಜೆಯ ಆಟದ ನಿಯಮ. ಗಡಿನಾಡಿನವನಿಗೆ ಅದು ಬಾಳಿನುದ್ದದ ಸ್ಥಿತಿ.

ಕನ್ನಡದ ಮೊದಲ ರಾಷ್ಟ್ರಕವಿ ಮಂಜೇಶ್ವರದ ಗೋವಿಂದ ಪೈಗಳು. ಅವರಿಗೆ 1949ರಲ್ಲಿ ಆ ಗೌರವ ಕೊಟ್ಟದ್ದು ಮದರಾಸು ಸರ್ಕಾರ. 1963ರಲ್ಲಿ ಅವರು ತೀರಿಕೊಂಡಾಗ ಅವರ ಮನೆ ಕೇರಳದಲ್ಲಿತ್ತು. ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಕನ್ನಡದಲ್ಲಿ ಸಂಗೀತ ಸಾಹಿತ್ಯಗಳ ಕುರಿತು ಬರೆದರು, ಆಮೇಲೆ ತಿರುಪತಿಯಲ್ಲಿ ತಾಳ್ಳಪಾಕ ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಕೂಡಿಸಿದರು. ತಾಡಪತ್ರಿಯಲ್ಲಿ ಹುಟ್ಟಿದ ಬಳ್ಳಾರಿ ರಾಘವರು ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ರಂಗವನ್ನಾಳಿದರು. ಇವರನ್ನು ಯಾವ ರಾಜ್ಯದ ಪಟ್ಟಿಗೆ ಸೇರಿಸಬೇಕು? ಗಡಿನಾಡು ಎರಡು ಭಾಷೆಗಳಿಗೂ ಸಾಲ ಕೊಟ್ಟ ನಾಡು.

ಅಧಿಕೃತ ಆಯ್ಕೆಯೇ ಕೊನೆಯ ಮಾತಲ್ಲವೆಂಬುದಕ್ಕೆ ತೆಲುಗಿನಲ್ಲೇ ಹತ್ತಿರದ ಉದಾಹರಣೆಯಿದೆ. ಆಸ್ಕರ್ ಪ್ರಶಸ್ತಿಗೆ ದೇಶದ ಪರವಾಗಿ ಆಯ್ಕೆಯಾಗಿ ಹೋದದ್ದು ಗುಜರಾತಿ ಚಿತ್ರವೊಂದು. ತೆಲುಗಿನ 'ಆರ್‌ಆರ್‌ಆರ್' ಚಿತ್ರದ 'ನಾಟು ನಾಟು' ಹಾಡು ತನ್ನದೇ ದಾರಿಯಲ್ಲಿ ಸ್ಪರ್ಧೆಗೆ ಹೋಗಿ 2023ರಲ್ಲಿ ಅತ್ಯುತ್ತಮ ಗೀತೆಯ ಪ್ರಶಸ್ತಿ ತಂದಿತು. ಇನ್ನೂ ಹಿಂದಕ್ಕೆ ಹೋದರೆ, ದಕ್ಷಿಣದ ಸಂಗೀತ ಕಲಿಯುವ ಮಕ್ಕಳು ತೆಲುಗರಾಗಲಿ, ಮಲಯಾಳಿಗಳಾಗಲಿ, ತಮಿಳರಾಗಲಿ, ಪುರಂದರದಾಸರ ಕನ್ನಡ ಗೀತೆಗಳಿಂದಲೇ ಪಾಠ ಆರಂಭಿಸುತ್ತಾರೆ. ತಮಿಳು ನೆಲದ ತಿರುವೈಯಾರಿನಲ್ಲಿ ತ್ಯಾಗರಾಜರ ತೆಲುಗು ಕೃತಿಗಳು ಮೊಳಗುತ್ತವೆ. ಇದಕ್ಕೆ ಯಾವ ಸಮಿತಿ ಕುಳಿತಿತ್ತು?

ಮುಂದೆ ಹಾಡುವವರು

ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಹಾಡು ತಾನಾಗಿ ಉಳಿಯುವುದಿಲ್ಲ. ಹಾಡಲು ಬಾಯಿ ಬೇಕು. ಬಾಯಿಗೆ ಅಕ್ಷರ ಬೇಕು. ರಾಯದುರ್ಗದ ಡಿ. ಹಿರೇಹಾಳು, ಬೊಮ್ಮನಹಾಳುಗಳ ಕಡೆ, ಮಡಕಶಿರದ ಅಗಳಿ, ರೊಳ್ಳೆ, ಅಮರಾಪುರ, ಗುಡಿಬಂಡೆಗಳ ಕಡೆ ಕನ್ನಡ ಉಳಿಯಬೇಕಾದರೆ ಅದಕ್ಕೆ ಆಧಾರ ಕನ್ನಡ ಮಾಧ್ಯಮದ ಶಾಲೆ. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಬೇಕೆನ್ನುತ್ತದೆ. 1956ರಲ್ಲಿಯೇ ಅದು ಸಂವಿಧಾನಕ್ಕೆ ಸೇರಿತು. ಗಡಿಯನ್ನು ಎಳೆದ ವರ್ಷವೇ ಗಡಿಯಾಚೆಯವರ ನುಡಿಗೆ ಆಸರೆಯನ್ನೂ ಬರೆದಿಟ್ಟರು. ಆ ಆಸರೆ ಕಾಗದದಲ್ಲೇ ಉಳಿಯದಂತೆ ನೋಡಿಕೊಳ್ಳಬೇಕಾದವರು ನಾವೇ. ಕನ್ನಡದ ಶಿಕ್ಷಕರ ಹುದ್ದೆ ತೆರವಾದಾಗ ಕೇಳಬೇಕು. ಪಠ್ಯಪುಸ್ತಕ ತಡವಾದಾಗ ಕೇಳಬೇಕು. ಅದಕ್ಕೂ ಮೊದಲು ನಮ್ಮ ಮಗುವನ್ನು ಆ ಶಾಲೆಗೆ ಕಳಿಸಬೇಕು.

ಇನ್ನೊಂದು ಕೆಲಸ ಯಾವ ಸರ್ಕಾರದ ಅಪ್ಪಣೆಗೂ ಕಾಯಬೇಕಾಗಿಲ್ಲ. ಸಾಮಿ ಜನರ ಗಾಯನ ವೇದಿಕೆ ಏರಿದ್ದು, ಅದನ್ನು ಮರೆಯದೆ ಹಾಡುತ್ತಿದ್ದ ಮುದುಕರು ಮನೆಗಳಲ್ಲಿ ಇದ್ದದ್ದರಿಂದ. ನಮ್ಮ ಎರಡೂ ಗಡಿಗಳಲ್ಲಿ ಸೋಬಾನೆಯ ಪದ, ಬೀಸುವ ಪದ, ತತ್ವಪದ, ಭಜನೆಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವುಗಳಲ್ಲಿ ಕನ್ನಡದ ನಡುವೆ ತೆಲುಗು ಬರುತ್ತದೆ, ತುಳುವಿನ ನಡುವೆ ಮಲಯಾಳ ಬರುತ್ತದೆ. ಅದನ್ನು ಕಲಬೆರಕೆಯೆಂದು ಹಳಿಯದೆ ಬರೆದಿಡುವುದು, ಧ್ವನಿಮುದ್ರಿಸುವುದು, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಂದ ಹಾಡಿಸುವುದು ನಮ್ಮ ಕೈಯಲ್ಲಿದೆ. ವೇದಾವತಿಯ ಹೆಸರು ಯಾವ ರಾಜ್ಯಗೀತೆಯಲ್ಲೂ ಇಲ್ಲದಿರಬಹುದು. ಅವಳ ದಂಡೆಯ ಹಾಡುಗಳನ್ನು ಹಾಡಬೇಡಿರೆಂದು ಯಾರೂ ಹೇಳಿಲ್ಲ.

ನಾಡಿನ ಪರವಾಗಿ ಒಂದು ಹಾಡನ್ನು ಆರಿಸುವ ಅಧಿಕಾರ ಕೆಲವರದು. ಅದು ಎಂದೂ ಕೆಲವರದ್ದಾಗಿಯೇ ಇರುತ್ತದೆ. ಯಾವ ಹಾಡನ್ನು ಮಕ್ಕಳಿಗೆ ಕಲಿಸಬೇಕೆಂಬ ಅಧಿಕಾರ ಮಾತ್ರ ಪ್ರತಿ ಮನೆಯದು. ಮೊದಲನೆಯದು ನಮಗೆ ಸಿಕ್ಕಲಿಲ್ಲವೆಂದು ಎರಡನೆಯದನ್ನು ಬಿಟ್ಟುಕೊಡಬಾರದು.